ಪುಸ್ತಕದಲ್ಲಿ ಇಲ್ಲದ ಹುಡುಗಿ

ನನಗೊಂದು ಕೆಟ್ಟ ಚಾಳಿ ಇದೆ. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕಡೆಯ ಪುಟ ತೆರೆದು ಓದಿಬಿಡುತ್ತೇನೆ. ಕೊಂದವರು ಯಾರು, ಮದುವೆಯಾಯಿತೋ ಇಲ್ಲವೋ, ಯಾರು ಸತ್ತರು, ಯಾರು ಉಳಿದರು ಎಲ್ಲ ತಿಳಿದಮೇಲೆ ಕಾಲು ಚಾಚಿ, ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ನಿಶ್ಚಿಂತೆಯಿಂದ ಮೊದಲ ಪುಟಕ್ಕೆ ಬರುತ್ತೇನೆ. ನನ್ನ ಸೊಸೆ ಇದನ್ನು ನೋಡಿ, "ಅತ್ತ್ಯಾರ, ಹಿಂಗ ಓದೂದಾದ್ರ ಪೂರ್ತಿ ಪುಸ್ತಕ ಯಾಕ ತರಬೇಕು, ಕಡೀ ಹಾಳಿ ಒಂದ ಹರಕೊಂಡು ಬರ್ತೇನಿ" ಎಂದು ಚೇಷ್ಟೆ ಮಾಡುತ್ತಾಳೆ. ಮಾಡಲಿ. ಅವಳು ಬಸಲಿಂಗಪ್ಪ ಮಾಸ್ತರರನ್ನು ಕಂಡವಳಲ್ಲ.

ಮೊನ್ನೆ ಅವಳೇ ನನ್ನನ್ನು ಇಲ್ಲಿನ ದೊಡ್ಡ ಲೈಬ್ರರಿಗೆ ಕರೆದುಕೊಂಡು ಹೋಗಿದ್ದಳು. ಬಾಗಿಲ ಹತ್ತಿರವೇ ಒಂದು ಕಪಾಟು, ಅದರ ಮೇಲೆ 'ನಮ್ಮ ಸಿಬ್ಬಂದಿ ಓದಿ ಮೆಚ್ಚಿದ ಹೊಸ ಪುಸ್ತಕಗಳು' ಎಂಬ ಫಲಕ. ಒಂದೊಂದು ಪುಸ್ತಕದ ಕೆಳಗೂ ಒಂದು ಚೀಟಿ. ನಕ್ಕು ನಕ್ಕು ಸಾಕಾಯಿತು ಎಂದು ಒಬ್ಬರು ಬರೆದಿದ್ದಾರೆ, ಊಟ ಮರೆತು ಓದಿದೆ ಎಂದು ಇನ್ನೊಬ್ಬರು. ಇಷ್ಟು ಪ್ರೀತಿಯಿಂದ ಪುಸ್ತಕ ಕೊಡುವವರಿದ್ದಾರಲ್ಲ ಎಂದು ಹಿಗ್ಗಿದೆ. ಅಷ್ಟರಲ್ಲಿ ಅಲ್ಲಿ ಕೂತಿದ್ದ ಹುಡುಗಿ ಒಂದು ಪುಸ್ತಕವನ್ನು ನನ್ನ ಕೈಗಿಟ್ಟು, "ಇದನ್ನ ಓದಿ ಅಮ್ಮ, ತುಂಬ ಚೆನ್ನಾಗಿದೆ. ಕೆರೆ ಹತ್ರ ಒಂದು ಹುಡುಗಿ ಇರ್ತಾಳೆ..." ಎಂದು ಶುರು ಮಾಡಿದಳು. "ಬ್ಯಾಡವಾ, ಹೇಳಬ್ಯಾಡ" ಎಂದವಳೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಪಾಪ, ಆ ಹುಡುಗಿ ಮುದುಕಿಗೆ ಏನಾಯಿತೆಂದು ನೀರು ತರಲು ಓಡಿದಳು.

ಆಗಿದ್ದು ಇಷ್ಟೇ. ನನಗೆ ಶಿಗ್ಗಾವಿಯ ವಾಚನಾಲಯ ನೆನಪಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದ ಮಾತು. ಅಪ್ಪ ಶಿಗ್ಗಾವಿಯ ಕಚೇರಿಯಲ್ಲಿ ಕಾರಕೂನ. ನಮ್ಮ ಓಣಿಯಿಂದ ಕೆರೆಗೆ ಹೋಗುವ ದಾರಿಯಲ್ಲಿ, ಹಳೆಯ ಅಗಸಿ ಬಾಗಿಲು ದಾಟಿದ ಕೂಡಲೇ ಊರ ವಾಚನಾಲಯ. ಬಹಳ ದೊಡ್ಡದು ಅಂದುಕೊಳ್ಳಬೇಡಿ. ಹೆಂಚಿನ ಒಂದು ಕೋಣೆ, ಗೋಡೆಗೆ ಕಪಾಟು, ನಡುವೆ ಉದ್ದನೆಯ ಮೇಜು, ಮೇಜಿನ ಮೇಲೆ ಹಳಸಿದ ಮೇಲೆ ಬರುವ ಪತ್ರಿಕೆ. ಹುಳ ಹತ್ತದಿರಲಿ ಎಂದು ಪುಸ್ತಕಗಳ ನಡುವೆ ಒಣಗಿದ ಬೇವಿನೆಲೆ ಇಡುತ್ತಿದ್ದರು. ಹೀಗಾಗಿ ಇವತ್ತಿಗೂ ಬೇವಿನ ವಾಸನೆ ಬಂದರೆ ನನಗೆ ಕಥೆ ನೆನಪಾಗುತ್ತದೆ. ಯುಗಾದಿಯ ದಿನ ಮನೆಮಂದಿಯೆಲ್ಲ ಬೇವು ತಿಂದು ಮುಖ ಕಿವುಚಿದರೆ, ನಾನು ಮಾತ್ರ ಮುಂದಿನ ಅಧ್ಯಾಯ ಎಲ್ಲಿ ಎಂದು ನೋಡುತ್ತಿರುತ್ತೇನೆ.

ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದಿತ್ತು. ಅದಕ್ಕೆ ಊರವರೆಲ್ಲ 'ಹೊಸಾ ಹಲಗಿ' ಎನ್ನುತ್ತಿದ್ದರು. ಧಾರವಾಡದಿಂದ ಮೋಟಾರಿನಲ್ಲಿ ಹೊಸ ಪುಸ್ತಕಗಳ ಗಂಟು ಬಂದರೆ, ವಾಚನಾಲಯ ನೋಡಿಕೊಳ್ಳುತ್ತಿದ್ದ ಬಸಲಿಂಗಪ್ಪ ಮಾಸ್ತರರು ಮೊದಲು ತಾವು ಎಲ್ಲವನ್ನೂ ಓದುತ್ತಿದ್ದರು. ಚಲೋ ಅನಿಸಿದ್ದನ್ನು ಹಲಗೆಯ ಮೇಲೆ ನಿಲ್ಲಿಸುತ್ತಿದ್ದರು. "ಮಾಸ್ತರ್ರ, ಈ ಸಲ ಯಾವುದು ಚಲೋ ಐತ್ರಿ?" ಎಂದು ಯಾರಾದರೂ ಕೇಳಿದರೆ, ಹಲಗೆಯಿಂದ ಒಂದನ್ನು ತೆಗೆದು, ಹಾಳೆಗಳ ನಡುವೆ ಬೆರಳಿಟ್ಟುಕೊಂಡು ಅದರ ಕಥೆ ಹೇಳಲು ಶುರು ಮಾಡುತ್ತಿದ್ದರು. ಕೇಳುವವನ ಮೈ ಜುಂ ಎನ್ನುವ ಜಾಗಕ್ಕೆ ತಂದು ನಿಲ್ಲಿಸಿ, "ಮುಂದಿಂದು ನೀವ ಓದ್ರಿ" ಎಂದು ಪುಸ್ತಕ ಕೊಡುತ್ತಿದ್ದರು. ತಿರುಗಿ ತಂದುಕೊಟ್ಟಾಗ ಅದರ ಮೇಲೆ ಅಂಗೈ ಇಟ್ಟು, "ಆಮ್ಯಾಲ ಏನಾತ್ರಿ?" ಎಂದು ಕೇಳುವುದು ಅವರ ಪದ್ಧತಿ. ಅದಕ್ಕೆ ಉತ್ತರ ಹೇಳಿದರೇ ಮುಂದಿನ ಪುಸ್ತಕ. ಒಯ್ದ ಪುಸ್ತಕವನ್ನು ತೆರೆಯದೆ ಹಾಗೇ ತಂದಿಡುವ ಗಂಡಸರು ಊರಲ್ಲಿ ಬಹಳ ಮಂದಿ ಇದ್ದರು. ಅವರಿಗೆ ಇದು ತಕ್ಕ ಶಾಸ್ತಿ ಎಂದು ನಮ್ಮವ್ವ ಅನ್ನುತ್ತಿದ್ದಳು.

ಮಾಸ್ತರರು ಹೇಳುತ್ತಿದ್ದ ಕಥೆ ಹೀಗಿತ್ತು. ಒಂದು ಊರು, ಊರಿಗೊಂದು ದೊಡ್ಡ ಕೆರೆ. ಹೊತ್ತು ಇಳಿಯುವಾಗ ಒಬ್ಬ ಹುಡುಗಿ ತಾಮ್ರದ ಕೊಡ ಹಿಡಿದು ನೀರಿಗೆ ಹೋಗುತ್ತಾಳೆ. ಗಾಳಿ ಇಲ್ಲ, ಹಕ್ಕಿಯ ಸದ್ದಿಲ್ಲ. ಎಷ್ಟು ಹೊತ್ತಾದರೂ ಹುಡುಗಿ ಬರುವುದಿಲ್ಲ. ಅವಳ ಅಪ್ಪ ಹುಡುಕಿಕೊಂಡು ಹೋಗುತ್ತಾನೆ. ಕೆರೆಯ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲಿನ ಪಾವಟಿಗೆಯ ಮೇಲೆ ಕೊಡ ಇದೆ, ತುಂಬಿದೆ, ಒಳಗಿನ ನೀರು ಇನ್ನೂ ಅಲುಗುತ್ತಿದೆ. ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳಿವೆ. ಅವು ನೀರಿಗೆ ಇಳಿದ ಹೆಜ್ಜೆಗಳಲ್ಲ, ನೀರಿನಿಂದ ಮೇಲೆ ಬಂದ ಹೆಜ್ಜೆಗಳು. ಮೇಲೆ ಬಂದು, ದಂಡೆಯ ಮೇಲೆ ಒಂದು ಕಡೆ ನಿಂತುಬಿಟ್ಟಿವೆ. ಆಚೆಗೂ ಹೋಗಿಲ್ಲ, ಈಚೆಗೂ ಬಂದಿಲ್ಲ.

"ಹೆಜ್ಜಿ ಅಲ್ಲಿಗೇ ನಿಂತಾವ" ಎನ್ನುವಾಗ ಮಾಸ್ತರರ ದನಿ ತೀರ ಸಣ್ಣದಾಗುತ್ತಿತ್ತು, ಮುಂದಕ್ಕೆ ಬಾಗಿ ಕೇಳಬೇಕಾಗುತ್ತಿತ್ತು. ಹಾಗೆ ಬಾಗಿದಾಗ ಅವರ ಅಂಗಿಯಿಂದಲೂ ಬೇವಿನ ವಾಸನೆ. ಪತ್ರಿಕೆ ಓದುತ್ತಿದ್ದವರು ಸಹ ಹಾಳೆ ತಿರುವುವುದನ್ನು ನಿಲ್ಲಿಸುತ್ತಿದ್ದರು.

ಗುಟ್ಟು ಹಿಡಿದಿಟ್ಟು ಕೊನೆಯಲ್ಲಿ ಬಿಚ್ಚುವ ಜಾಣತನ ನನಗಿಲ್ಲ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಆ ಕಥೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಹುಡುಗಿ ಮಾಸ್ತರರ ಒಬ್ಬಳೇ ಮಗಳು, ನೀಲವ್ವ. ಆ ಕೆರೆ ಹಿರೇಕೆರೂರಿನದು. ಮಗಳು ಹೀಗೆ ಮಾಯವಾದ ಮೇಲೆ ಹೆಂಡತಿ ಕೊರಗಿ ತೀರಿಕೊಂಡರು. ಮಾಸ್ತರರು ಶಾಲೆಯ ನೌಕರಿ ಬಿಟ್ಟು, ಯಾರೂ ಗುರುತಿಲ್ಲದ ನಮ್ಮೂರಿಗೆ ಬಂದು ವಾಚನಾಲಯದ ಕೀಲಿಕೈ ಹಿಡಿದರು. ಮಗಳ ಕಥೆಯನ್ನು ಹೊಸ ಹೊಸ ಪುಸ್ತಕದ ಹೆಸರಿನಲ್ಲಿ ಊರಿಗೆಲ್ಲ ಹೇಳುತ್ತಿದ್ದರು. ಕೇಳಿದವರಲ್ಲಿ ಯಾರಾದರೂ ಒಬ್ಬರು ಎಂದಾದರೂ ಒಂದು ದಿನ, "ಮಾಸ್ತರ್ರ, ಇದು ಪುಸ್ತಕದಾಗಿಂದಲ್ರಿ, ಆ ಹುಡುಗೀನ ನಾ ಕಂಡೇನಿ" ಎಂದಾರು ಎಂಬ ಆಸೆ ಅವರಿಗೆ. "ಆಮ್ಯಾಲ ಏನಾತ್ರಿ" ಎಂದು ಕೇಳುತ್ತಿದ್ದದ್ದು ನಮ್ಮ ಪರೀಕ್ಷೆ ಮಾಡಲು ಅಂತ ನಾವು ತಿಳಿದಿದ್ದೆವು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದಕ್ಕೇ ಕೇಳುತ್ತಿದ್ದರು.

ನೇರವಾಗಿ ವಿಚಾರಿಸಬಹುದಿತ್ತಲ್ಲ ಎನ್ನುತ್ತೀರಿ. ಹರೆಯಕ್ಕೆ ಬಂದ ಮಗಳು ಕಾಣುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಊರು ಹುಡುಕಿಕೊಡುವುದಿಲ್ಲ, ಆಡಿಕೊಳ್ಳುತ್ತದೆ. ಪುಸ್ತಕದ ಹುಡುಗಿಗಾದರೆ ಯಾರೂ ಹೆಸರಿಡುವುದಿಲ್ಲ. ಮಾಸ್ತರರು ಈ ಲೆಕ್ಕ ಸರಿಯಾಗಿಯೇ ಹಾಕಿದ್ದರು. ಅವರು ಲೆಕ್ಕಕ್ಕೆ ಹಿಡಿಯದೆ ಹೋದದ್ದು ನಮ್ಮೂರ ಓದುಗರ ಮಾನವನ್ನು.

ನಮ್ಮ ಅಪ್ಪನನ್ನೇ ನೋಡಿ. ಕಚೇರಿಯ ಕಾಗದ ಓದಿ ಓದಿ ಪಳಗಿದ ಮನುಷ್ಯ. ತನ್ನ ಕಣ್ಣು ತಪ್ಪಿಸಿ ಒಂದು ಕೊಂಬೂ ಹೋಗಲಾರದು ಎಂಬ ಹೆಮ್ಮೆ. ಈ ಕಥೆ ಕೇಳಿ ಬೆವರಿ, ಮುಂಬೈಯ ಒಂದು ಸಾಹುಕಾರ ಮನೆತನದ ದಪ್ಪ ಕಾದಂಬರಿ ಹೊತ್ತು ತಂದರು. ಮೂರು ಸಂಜೆ ಕೂತು ಓದಿದರು. ಅದರಲ್ಲಿ ಗಿರಣಿ ಇತ್ತು, ಟ್ರಾಮು ಇತ್ತು, ಆಸ್ತಿಗಾಗಿ ಅಣ್ಣತಮ್ಮಂದಿರ ಜಗಳ ಇತ್ತು. ಕೆರೆಯೂ ಇಲ್ಲ, ಹುಡುಗಿಯೂ ಇಲ್ಲ. ಹಾಳೆ ಕಿತ್ತುಹೋಗಿದೆಯೋ ಎಂದು ಪುಸ್ತಕದ ಹೊಲಿಗೆ ಬಿಡಿಸಿ ಬಿಡಿಸಿ ನೋಡಿದರು. ಅವ್ವ ಅದನ್ನು ಉಪ್ಪಿನ ಗಡಿಗೆಗೆ ಆನಿಸಿಟ್ಟುಕೊಂಡು, ರೊಟ್ಟಿ ಬಡಿಯುತ್ತ ಬಡಿಯುತ್ತ ಅಪ್ಪನಿಗಿಂತ ಮೊದಲೇ ಓದಿ ಮುಗಿಸಿದ್ದಳು.

"ಇದರಾಗ ಆ ಹುಡುಗೀನ ಇಲ್ಲಲ್ರಿ" ಎಂದಳು.

"ಐತಿ. ಗೂಢಾರ್ಥ ಐತಿ ಅದರಾಗ. ನಿನಗ ತಿಳಿಯೂದಿಲ್ಲ."

"ಅಷ್ಟ ದೊಡ್ಡ ಕೆರಿ ಗೂಢಾರ್ಥದಾಗ ಹಿಡಸ್ತೈತೇನ್ರಿ?" ಎಂದು ಅವ್ವ ಹಿಟ್ಟಿನ ಕೈ ಝಾಡಿಸಿದಳು.

ಪುಸ್ತಕ ಕೊಡಲು ಹೋದಾಗ ಅಪ್ಪನ ಜೊತೆ ನಾನೂ ಇದ್ದೆ. ಮಾಸ್ತರರು ಅಂಗೈ ಇಟ್ಟರು. "ಆಮ್ಯಾಲ ಏನಾತ್ರಿ, ಕಾರಕೂನರ?" ಮೇಜಿನ ಸುತ್ತ ಊರ ಪ್ರಮುಖರು ಕೂತಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡು, "ಏನಾಗತೈತ್ರಿ, ಸಿಕ್ಕಳು. ಸೋದರಮಾವನ ಮನ್ಯಾಗ ಇದ್ಲು" ಎಂದರು. "ಆರಾಮ ಇದ್ಲಾ?" ಎಂದು ಮಾಸ್ತರರು ಕೇಳಿದರು. "ಆರಾಮ ಇದ್ಲ್ರಿ" ಎಂದು ಅಪ್ಪ ಹೇಳಿದಮೇಲೆ ಮೆಲ್ಲಗೆ ಕೈ ತೆಗೆದರು. ಓದಿದ್ದು ತಿಳಿಯಲಿಲ್ಲ ಎಂದು ಹೇಳುವುದಕ್ಕಿಂತ ಒಂದು ಹುಡುಗಿಯನ್ನು ಹುಡುಕಿಕೊಡುವುದು ಅಪ್ಪನಿಗೆ ಸುಲಭವಾಗಿತ್ತು.

ಎಲ್ಲರದೂ ಇದೇ ಕಥೆ. ಪತ್ತೇದಾರಿ ಕಾದಂಬರಿ ಒಯ್ದವರು ಅವಳನ್ನು ಕಳ್ಳರ ಕೈಯಿಂದ ಬಿಡಿಸಿ ತಂದರು. ಕಾಶೀಯಾತ್ರೆಯ ಪುಸ್ತಕ ಒಯ್ದವರು ಅವಳನ್ನು ಗಂಗೆಯ ದಂಡೆಯಲ್ಲಿ ಕಂಡರು. ದುಂಡಸಿಯ ಗೌಡರೊಬ್ಬರು ದನಗಳ ರೋಗದ ಮೇಲಿನ ಪುಸ್ತಕ ಒಯ್ದಿದ್ದರು. ಮಾಸ್ತರರು ಅದಕ್ಕೂ ಇದೇ ಕಥೆ ಹೇಳಿ ಕೊಟ್ಟಿದ್ದರು. ಗೌಡರು ತಿರುಗಿ ತಂದವರು ಬಹಳ ಹೊತ್ತು ಯೋಚಿಸಿ, "ಕಷಾಯ ಕುಡಿಸಿದ ಮ್ಯಾಲ ಚೇತರಿಸಿಕೊಂಡ್ಲ್ರಿ" ಎಂದರಂತೆ. ಒಬ್ಬರಿಗಾದರೂ ಪಕ್ಕದವನನ್ನು ನಿನ್ನ ಪುಸ್ತಕದಲ್ಲೂ ಹುಡುಗಿ ಇಲ್ಲವೇ ಎಂದು ಕೇಳುವ ಧೈರ್ಯ ಇರಲಿಲ್ಲ.

ಹೆಂಗಸರು ವಾಚನಾಲಯದ ಹೊಸ್ತಿಲು ತುಳಿಯುತ್ತಿರಲಿಲ್ಲ. ನಮ್ಮ ಓಣಿಯ ಹೆಂಗಸರ ಪುಸ್ತಕಗಳು ಒಂದು ಚೀಲದಲ್ಲಿ ಹೋಗಿ ಬರುತ್ತಿದ್ದವು, ಆ ಚೀಲ ನನ್ನ ಹೆಗಲಿಗೆ. ಮಾಸ್ತರರು ಹೇಳಿದ್ದನ್ನು ಒಂದಕ್ಷರ ಬಿಡದೆ ಪಡಸಾಲೆಯಲ್ಲಿ ಶ್ಯಾವಿಗೆ ಹೊಸೆಯುವ ಹೆಂಗಸರ ಮುಂದೆ ಹೇಳುತ್ತಿದ್ದೆ. ದನಿ ಸಣ್ಣ ಮಾಡುವುದನ್ನೂ ಕಲಿತಿದ್ದೆ. ನನ್ನ ನಾಟಕ ನೋಡಿ ಹೆಂಗಸರು ಕೈ ನಿಲ್ಲಿಸಿ ಕೂತರೆ ನನಗೆ ಕೋಡು ಮೂಡುತ್ತಿತ್ತು. ಆಮೇಲೆ ಅವಳಿಗೆ ಏನಾಯಿತು ಎಂಬ ಚರ್ಚೆ. ಜಲದೇವತೆ ಒಯ್ದಳು ಎಂದು ಒಬ್ಬಳು, ಕಾಲು ಜಾರಿ ಒಳಗೇ ಹೋದಳು ಎಂದು ಇನ್ನೊಬ್ಬಳು. ಅವ್ವನಿಗೆ ಇದು ಸೇರುತ್ತಿರಲಿಲ್ಲ.

"ನನ್ನ ಮನ್ಯಾಗ ಕುಂತು ಯಾವ ಹುಡುಗೀನೂ ಸಾಯಿಸಬ್ಯಾಡ್ರಿ" ಎಂದಳು ಒಂದು ದಿನ. ನನ್ನ ಕಡೆ ತಿರುಗಿ, "ಮಾಸ್ತರರಿಗೆ ಹೇಳು. ಅಕಿಗೆ ಎಲ್ಲೋ ಒಂದ ಹಳ್ಳ್ಯಾಗ ಮದುವಿ ಆಗೇತಿ. ಸುಖದಾಗ ಅದಾಳ. ಮನೀ ಮುಂದ ಹುಣಸೀ ಗಿಡ ಐತಿ. ಇಷ್ಟೊತ್ತಿಗೆ ಮಕ್ಕಳಿಗೆ ರೊಟ್ಟಿ ಹಾಕಾಕತ್ತಾಳ" ಎಂದಳು.

ನಾನು ಹೋಗಿ ಒಪ್ಪಿಸಿದೆ. ಮಾಸ್ತರರು ಪುಸ್ತಕದ ಮೇಲಿನ ಅಂಗೈ ತೆಗೆಯಲೇ ಇಲ್ಲ. "ಮಕ್ಕಳು ಎಷ್ಟಂತ?" ಎಂದು ಕೇಳಿದರು. "ಅವ್ವನ್ನ ಕೇಳಿ ಬರ್ತೇನಿ ತಡೀರಿ" ಎಂದು ಓಡಿದೆ. ಅವ್ವ ಶ್ಯಾವಿಗೆಯ ಎಳೆ ಎಳೆಯುತ್ತ, "ಎರಡು. ಬ್ಯಾಡ, ಮೂರು ಅನ್ನು" ಎಂದಳು. ಮತ್ತೆ ಓಡಿ ಬಂದು ಮೂರು ಎಂದೆ. ಮಾಸ್ತರರು ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಎಲ್ಲಾರು ಹೇಳಿದ್ದಕಿಂತ ನಿಮ್ಮವ್ವ ಹೇಳಿದ್ದು ಚಲೋ ಐತಿ. ಅದಕ್ಕ ಅದು ಖರೇ ಇರೂದಿಲ್ಲ" ಎಂದರು. ಕಥೆಯಲ್ಲಿ ಖರೆ ಯಾವುದು, ಸುಳ್ಳು ಯಾವುದು ಎಂದು ನನಗೆ ಅರ್ಥವಾಗಲಿಲ್ಲ. ಆದರೆ ಆ ಮಾತು ಕೇಳಿ ಏಕೋ ಭಯವಾಯಿತು.

ಆ ವರ್ಷ ಯುದ್ಧದಿಂದಾಗಿ ಕಾಗದ ಸಿಗದೆ ಹೊಸ ಪುಸ್ತಕ ಬರುವುದು ನಿಂತಿತು. ಹಲಗೆಯ ಮೇಲೆ ಹಳೆಯವೇ ನಿಂತವು. ಮಾಸ್ತರರು ಕಥೆ ನಿಲ್ಲಿಸಲಿಲ್ಲ. ಪುಸ್ತಕ ಕೈಯಲ್ಲಿಲ್ಲದಿದ್ದರೂ ಹೇಳುತ್ತಿದ್ದರು. ಹೀಗೆ ಹೇಳಿ ಹೇಳಿ, ಕೇಳಿ ಕೇಳಿ, ಹುಡುಗಿ ಪುಸ್ತಕ ಬಿಟ್ಟು ಹೊರಗೆ ಬಂದಳು.

ಮೊದಲು ಕಂಡವರು ಯಾರೋ ಗೊತ್ತಿಲ್ಲ. ನಮ್ಮೂರ ಕೆರೆಯ ಮೇಲಿನ ಪಾವಟಿಗೆ, ಯಾರೂ ನೀರಿಗೆ ಬಾರದ ಹೊತ್ತಿನಲ್ಲೂ ಒದ್ದೆಯಾಗಿರುತ್ತದೆ ಎಂದರು. ಹಿಂದಿನಿಂದ ಬಳೆಯ ಸದ್ದು ಬಂತು, ತಿರುಗಿದರೆ ಯಾರೂ ಇಲ್ಲ ಎಂದರು. ಹೆಂಗಸರು ಬಿಸಿಲಿರುವಾಗಲೇ ಗುಂಪುಗಟ್ಟಿ ನೀರಿಗೆ ಹೋಗತೊಡಗಿದರು. ಯಾರೋ ಆ ಕಲ್ಲಿನ ಮೇಲೆ ಅರಿಷಿಣ ಕುಂಕುಮ, ಹಸಿರು ಬಳೆ ಇಟ್ಟುಬಂದರು. ಮರುದಿನ ಬಳೆ ಇರಲಿಲ್ಲ. ಬಳೆ ಒಯ್ದದ್ದು ಯಾವುದೋ ಜೀವಂತ ಹುಡುಗಿಯೇ ಇರಬೇಕು ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಲಿಲ್ಲ. ನಾನಂತೂ ಅಂಗಳದಲ್ಲಿ ನಮ್ಮವರದೇ ಒದ್ದೆ ಹೆಜ್ಜೆ ಕಂಡರೂ ಜಿಗಿದು ದಾಟುತ್ತಿದ್ದೆ. ಬಚ್ಚಲಿನಿಂದ ಬಂದು ಹಿಂತಿರುಗಿ ನನ್ನ ಹೆಜ್ಜೆಯನ್ನು ನಾನೇ ನೋಡಿ ಚೀರಿದ್ದೂ ಉಂಟು.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದವರು ಮಾಸ್ತರರು. ವಾಚನಾಲಯ ಮುಚ್ಚಿದ ಮೇಲೆ ದಿನಾ ಸಂಜೆ ಒಬ್ಬರೇ ಕೆರೆಯ ದಂಡೆಗೆ ಹೋಗಿ, ಹೆಜ್ಜೆ ನಿಂತವು ಎನ್ನುತ್ತಿದ್ದರಲ್ಲ, ಅಂಥ ಒಂದು ಜಾಗದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ನೆಲವನ್ನೇ ನೋಡುತ್ತಿದ್ದರು. ದಿನದಿಂದ ದಿನಕ್ಕೆ ಇಳಿದುಹೋದರು. "ಆ ಹುಡುಗಿ ಅವರನ್ನ ಕರ್ಯಾಕತ್ತಾಳ" ಎಂದು ಓಣಿಯಲ್ಲಿ ಮಾತಾಯಿತು. ಒಂದು ಲೆಕ್ಕದಲ್ಲಿ ಅದು ನಿಜವೇ ಆಗಿತ್ತು.

ಸವಣೂರಿನ ಮಕ್ತುಂಸಾಬರು ಬಳೆ ಇಡಲು ನಮ್ಮ ಓಣಿಗೆ ಬರುತ್ತಿದ್ದರು. ಹೆಗಲ ಮೇಲೆ ಬಳೆಯ ಮಲಾರ, ಬಾಯಲ್ಲಿ ಹತ್ತು ಊರಿನ ಸುದ್ದಿ. ಬಿಗಿ ಕೈಗೆ ಬಳೆ ಏರಿಸುವಾಗ ನೋವು ಗೊತ್ತಾಗದ ಹಾಗೆ ಏನಾದರೊಂದು ಕಥೆ ತೆಗೆಯುವುದು ಅವರ ಕಸುಬಿನ ಜಾಣತನ. ಅವ್ವ ಒಮ್ಮೆ ಅವರಿಗೆ ಕೆರೆಯ ಕಥೆ ಹೇಳಿದ್ದಳು. ಚಲೋ ಕಥೆ ಸಿಕ್ಕಿತೆಂದು ಅವರು ಅದನ್ನು ಊರೂರಿಗೆ ಒಯ್ದಿದ್ದರು. ಮತ್ತೆ ಅವರು ನಮ್ಮ ಕಟ್ಟೆಗೆ ಬಂದ ದಿನ ಮಲಾರ ಇಳಿಸುವ ಮೊದಲೇ ನೀರು ಕೇಳಿದರು. ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು, ನಾನು ಪಕ್ಕದಲ್ಲಿ.

"ಅವ್ವಾರ, ರಟ್ಟೀಹಳ್ಳಿ ಆಚೆ ಒಂದ ಹಳ್ಳ್ಯಾಗ ಬಳಿ ಇಡಾಕತ್ತಿದ್ದೆ. ಆ ಹೆಣಮಗಳ ಕೈ ಭಾಳ ಬಿಗಿ. ನೀವು ಹೇಳಿದ್ದ ಆ ಕತಿ ತಗದೆ. ಕೊಡದಾಗಿನ ನೀರು ಅಲುಗಾಕತ್ತಿತ್ತು ಅನ್ನೂದ ತಡ, ನನ್ನ ಕೈಯಾಗಿನ ಕೈ ಥಣ್ಣಗಾತ್ರಿ. ಬಳಿ ಮುಂದನೂ ಹೋಗವಲ್ದು, ಹಿಂದನೂ ಬರವಲ್ದು. 'ಇದನ್ನ ನಿಮಗ ಯಾರು ಹೇಳಿದ್ರು' ಅಂದ್ಲು. ಪುಸ್ತಕದಾಗ ಐತಿ ತಂಗೀ ಅಂದೆ. 'ಪುಸ್ತಕದಾಗ ಹೆಂಗ ಬರತೈತಿ? ಆ ಕೊಡಾ ಅಲ್ಲಿ ಇಟ್ಟಾಕಿ ನಾನ' ಅಂದ್ಲು."

ಅವ್ವನ ಕೈ ಮೊರದ ಮೇಲೆ ನಿಂತಿತು.

"ನೀಲವ್ವ ಅಂತ ಹೆಸರು. ಅಪ್ಪನ ಹೆಸರು ಬಸಲಿಂಗಪ್ಪ, ಹಿರೇಕೆರೂರಾಗ ಸಾಲಿ ಮಾಸ್ತರ ಇದ್ರು ಅಂದ್ಲು. ಆಮ್ಯಾಲ ಹುಡುಕಿದ್ಲಂತ, ಎಲ್ಲಿ ಹೋದ್ರು ಅಂತ ಯಾರಿಗೂ ಗೊತ್ತಿಲ್ಲ ಅಂದ್ರಂತ. ಈಗ ಚಲೋ ಅದಾಳ್ರಿ. ಮೂರು ಮಕ್ಕಳು. ಮನೀ ಮುಂದ ಹುಣಸೀ ಗಿಡ ಐತಿ, ಅದರ ಕೆಳಗ ಕುಂತ ಬಳಿ ಇಟ್ಟೆ."

"ಮೂರ?" ಎಂದಳು ಅವ್ವ. "ಮಕ್ತುಂಸಾಬ್ರ, ಅದನ್ನ ನಾ ಬಾಯಿಗೆ ಬಂದಂಗ ಹೇಳಿದ್ನಲ್ರಿ."

ಕಾಣದ ಮನೆಯ ಮುಂದೆ ಅವ್ವ ನೆಟ್ಟ ಹುಣಸೆಗಿಡ ಅಲ್ಲಿ ನಿಜವಾಗಿ ಬೆಳೆದು ನಿಂತಿತ್ತು. ಅವ್ವ ಮೊರ ಕೆಳಗಿಟ್ಟು ಎದ್ದು, "ಮೊದಲು ಮಾಸ್ತರರಿಗೆ ಹೇಳ್ರಿ, ಹೋಗ್ರಿ" ಎಂದು ನನ್ನನ್ನೂ ಅವರ ಜೊತೆ ಕಳಿಸಿದಳು.

ಮಕ್ತುಂಸಾಬರು ವಾಚನಾಲಯದ ಬಾಗಿಲಲ್ಲಿ ನಿಂತು ಎಲ್ಲ ಹೇಳಿದರು. ಮಾಸ್ತರರು ಎಲ್ಲವನ್ನೂ ಶಾಂತವಾಗಿ ಕೇಳಿದರು. ಎಲ್ಲರ ಕಥೆಯನ್ನೂ ಹಾಗೇ ಕೇಳುತ್ತಿದ್ದರು.

"ಚಲೋ ಐತ್ರಿ" ಎಂದರು. "ಆದ್ರ ಮೂರು ಮಕ್ಕಳು, ಹುಣಸೀ ಗಿಡ, ಇದನ್ನೆಲ್ಲಾ ಕಾರಕೂನರ ಮನ್ಯಾಗಿಂದ ಮೊದಲ ಹೇಳಿ ಕಳಿಸ್ಯಾರ."

"ಇದು ಖರೇ ಐತ್ರಿ ಮಾಸ್ತರ್ರ, ನಿಮ್ಮ ಹೆಸರೂ ಹೇಳಿದ್ಲು. ಖುದಾನ ಆಣಿ."

"ಹಿರೇಕೆರೂರ ಮಂದಿಗೆ ನನ್ನ ಹೆಸರು ಗೊತ್ತಿಲ್ಲೇನ್ರಿ? ಎಲ್ಲಾರೂ ಖರೇ ಅಂತನ ಹೇಳ್ತಾರ. ಅಕಿ ಸೋದರಮಾವನ ಮನ್ಯಾಗೂ ಸಿಕ್ಕಾಳ, ಕಾಶ್ಯಾಗೂ ಸಿಕ್ಕಾಳ. ಮೊದಮೊದಲು ಎಲ್ಲಾ ಕಡೆ ಹೋಗಿ ಬಂದೆ. ಅಕಿಗೆ ಸೋದರಮಾವನ ಇಲ್ಲ, ಆದ್ರೂ ದೂರದ ಬೀಗರ ಮನೀ ಬಾಗಲಕ್ಕ ಹೋಗಿ ನಿಂತೆ. ಈಗ ಕಾಲು ನಡ್ಯೂದಿಲ್ರಿ" ಎಂದು ಹಲಗೆಯಿಂದ ಒಂದು ಪುಸ್ತಕ ತೆಗೆದು, "ಇದನ್ನ ಒಯ್ರಿ, ಚಲೋ ಐತಿ" ಎಂದು ಅವರ ಕೈಗಿಟ್ಟರು. ಮಕ್ತುಂಸಾಬರಿಗೆ ಓದಲು ಬರುತ್ತಿರಲಿಲ್ಲ. ಆ ಪುಸ್ತಕ ಹಿಡಿದುಕೊಂಡೇ ನಮ್ಮ ಮನೆಗೆ ವಾಪಸ್ಸು ಬಂದರು.

ಕಚೇರಿಯಿಂದ ಬಂದ ಅಪ್ಪನಿಗೆ ಅವ್ವ ಇದನ್ನೆಲ್ಲ ಹೇಳಿದಾಗ ಅವರು ಪೇಟ ತೆಗೆಯುವುದನ್ನೂ ಮರೆತು ನಿಂತರು. ಮಾಸ್ತರರು ಸೋದರಮಾವನ ಊರು ಹುಡುಕಿಕೊಂಡು ಹೋಗಿದ್ದರು ಎಂದು ಕೇಳಿ ಕೆಳಗೆ ಕೂತರು. ರಾತ್ರಿ ಊಟ ಮಾಡಲಿಲ್ಲ.

"ನಾವು ಹೇಳಿದ್ದು ಸುಳ್ಳು ಅಂತ ಈಗ ಹೋಗಿ ಹೇಳಿದ್ರ, ಇದೂ ಸುಳ್ಳು ಅಂತಾರ" ಎಂದಳು ಅವ್ವ. ಮರುದಿನ ಮುಂಜಾನೆ ಮಕ್ತುಂಸಾಬರ ಕೈಯಲ್ಲಿ ಒಂದು ಸೀರೆ ಕೊಟ್ಟು, "ತವರುಮನಿಯಿಂದ ಕಳಿಸ್ಯಾರ ಅಂತ ಹೇಳ್ರಿ. ಅಕಿನ್ನ ಕರಕೊಂಡ ಬರ್ರಿ. ಮಗಳ ಮಾರಿ ನೋಡಿದ ಮ್ಯಾಲ ನಂಬಲಾರದ ಏನ ಮಾಡ್ತಾರ" ಎಂದಳು. ಇದನ್ನು ಓಣಿಯಲ್ಲಿ ಯಾರಿಗೂ ತಿಳಿಸಲಿಲ್ಲ. ಬರುತ್ತಾಳೋ ಇಲ್ಲವೋ, ಗಂಡನ ಮನೆಯವರು ಕಳಿಸುತ್ತಾರೋ ಇಲ್ಲವೋ ಯಾರಿಗೆ ಗೊತ್ತು. ವಾರಗಳು ಕಳೆದವು, ಮಕ್ತುಂಸಾಬರ ಸುಳಿವಿಲ್ಲ. ನಾನು ಆ ವಿಷಯ ಮರೆತೇಬಿಟ್ಟೆ.

ಒಂದು ದಿನ ಹೊತ್ತು ಇಳಿಯುತ್ತಿತ್ತು. ನಾವು ನಾಲ್ಕಾರು ಹುಡುಗಿಯರು, ಎರಡು ಮೂರು ಹೆಂಗಸರು ಕೆರೆಯಿಂದ ತಿರುಗಿ ಹೊರಟಿದ್ದೆವು. ಗಾಳಿ ಬಿದ್ದುಹೋಗಿತ್ತು. ನಮ್ಮಲ್ಲೊಬ್ಬಳು ಹಿಂದಕ್ಕೆ ನೋಡಿ ಕೊಡ ಕೆಳಗೆ ಬಿಟ್ಟಳು. ನಾವು ಈಗಷ್ಟೇ ಬಿಟ್ಟುಬಂದ ಕೆಳಗಿನ ಪಾವಟಿಗೆಯ ಮೇಲೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ನೀರಲ್ಲಿ ಕಾಲಿಟ್ಟು ನಿಂತಿದ್ದಳು. ತಲೆಯ ಮೇಲೆ ಸೆರಗು. ಯಾವ ದಾರಿಯಿಂದ ಬಂದಳೋ ಯಾರೂ ಕಂಡಿರಲಿಲ್ಲ. ಮೆಲ್ಲಗೆ ತಿರುಗಿ ಮೇಲೆ ಹತ್ತತೊಡಗಿದಳು. ಒಂದೊಂದು ಕಲ್ಲಿನ ಮೇಲೂ ಒದ್ದೆ ಹೆಜ್ಜೆ.

ಯಾರು ಮೊದಲು ಓಡಿದರೋ ತಿಳಿಯದು. ನಾನು ಓಡಿದ್ದು ಮನೆಯ ಕಡೆ, ಆದರೆ ವಾಚನಾಲಯದ ಬದಿಯ ಕಟ್ಟೆ ಕಂಡದ್ದೇ ಅದರ ಹಿಂದೆ ಅಡಗಿ ಕೂತೆ. ಅಲ್ಲಿಂದ ಕಣ್ಣು ಬಿಟ್ಟು ನೋಡಿದರೆ ಅವಳು ಅದೇ ದಾರಿಯಲ್ಲಿ ಬರುತ್ತಿದ್ದಾಳೆ. ದಂಡೆಯ ಮೇಲೆ ಅವಳ ಹೆಜ್ಜೆ ನಿಲ್ಲಲಿಲ್ಲ. ನನ್ನ ಮುಂದೆಯೇ ಹಾದು, ಯಾವ ಹೆಂಗಸೂ ತುಳಿಯದ ಹೊಸ್ತಿಲಿನ ಹತ್ತಿರ ಬಂದು ನಿಂತಳು. ಒದ್ದೆ ಕಾಲಿಗೆ ದಾರಿಯ ಕೆಂಪು ಮಣ್ಣು ಮೆತ್ತಿತ್ತು. ಅವಳ ಹಿಂದೆ ದೂರದಲ್ಲಿ, ಹೆಗಲ ಮೇಲೆ ಮಲಾರ ಹೊತ್ತ ಮಕ್ತುಂಸಾಬರು ನಡೆದು ಬರುತ್ತಿದ್ದರು. ಅವರನ್ನು ಕಂಡಮೇಲೆ ನನಗೆ ಉಸಿರು ಬಂತು. ಅವಳು ಉಟ್ಟದ್ದು ನಮ್ಮವ್ವನ ಸೀರೆ.

ಒಳಗೆ ಅಪ್ಪ, ಇನ್ನಿಬ್ಬರು ಮೂವರು ಪತ್ರಿಕೆ ಓದುತ್ತಿದ್ದರು. ಮಾಸ್ತರರು ಮೇಜಿನ ಮೇಲೆ ಬಾಗಿ ಯಾವುದೋ ಪುಸ್ತಕ ನೋಡುತ್ತಿದ್ದರು. ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ, ನೋಡದೆಯೇ, "ಯಾರ್ರಿ? ಏನ ಬೇಕಾಗಿತ್ತು?" ಎಂದರು.

"ಹೊಸಾ ಪುಸ್ತಕದಾಗ ಯಾವುದು ಚಲೋ ಐತಿ ಅಂತ ಕೇಳಾಕ ಬಂದೇನ್ರಿ" ಎಂದಳು ಅವಳು.

ಹೆಣ್ಣು ದನಿ ಕೇಳಿ ಪತ್ರಿಕೆಗಳೆಲ್ಲ ಕೆಳಗಿಳಿದವು. ಮಾಸ್ತರರು ಮಾತ್ರ ರೂಢಿಯಂತೆ ಕಥೆ ಶುರು ಮಾಡಿದರು. ಒಂದು ಊರು, ದೊಡ್ಡ ಕೆರೆ, ಹೊತ್ತು ಇಳಿಯುವಾಗ ಒಬ್ಬ ಹುಡುಗಿ ಕೊಡ ಹಿಡಿದು...

"ಅದಕಿಂತ ಮೊದಲಿಂದು ಬಿಟ್ಟೀರಿ" ಎಂದಳು ಅವಳು.

ಮಾಸ್ತರರು ಪುಸ್ತಕವನ್ನು ಬೆರಳಿನ ಮೇಲೆ ಮಡಚಿದರು.

"ಹುಡುಗಿ ಬಾಗಲದಾಗ ನಿಂತು, 'ಅಪ್ಪಾ, ಹೊಂಟೇನಿ' ಅಂದ್ಲು. ಅಪ್ಪ ಪುಸ್ತಕಾ ಓದಾಕತ್ತಿದ್ದ. 'ಹೂಂ' ಅಂದ, ಮಾರಿ ಎತ್ತಿ ನೋಡಲಿಲ್ಲ. ಹುಡುಗಿ ಇನ್ನೊಮ್ಮೆ 'ಅಪ್ಪಾ' ಅಂದ್ಲು. ಆಗೂ ನೋಡಲಿಲ್ಲ."

ಇದನ್ನು ಮಾಸ್ತರರು ಇಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಕಥೆಗೆ ಬಗೆಬಗೆಯ ಮುಕ್ತಾಯ ಕಟ್ಟಿದ ಊರಿನಲ್ಲಿ ಈ ಮೊದಲ ಭಾಗವನ್ನು ಕಟ್ಟಬಲ್ಲವರು ಒಬ್ಬರೂ ಇರಲಿಲ್ಲ. ಪುಸ್ತಕದೊಳಗಿದ್ದ ಅವರ ಬೆರಳು ಹೊರಗೆ ಜಾರಿತು. ತಲೆ ಎತ್ತಿದರು. ಅವಳು ಸೆರಗು ಹಿಂದಕ್ಕೆ ಸರಿಸಿದಳು. ಆ ಮುಖ ನೋಡುವಾಗ ಮಾಸ್ತರರ ಮುಖದಲ್ಲಿ ಇದ್ದದ್ದು ಸಂತೋಷವಲ್ಲ, ಹೆದರಿಕೆ. ಸತ್ತವರು ಬಂದು ನಿಂತರೆ ಆಗುವಂಥ ಹೆದರಿಕೆ. ಅದನ್ನು ಕಂಡು ನನಗೆ ಅಳು ಬಂತು.

ಅಪ್ಪ ಎದ್ದರು. ಪತ್ರಿಕೆಯನ್ನು ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನಡೀರಿ, ಎಲ್ಲಾರೂ ಹೊರಗ ನಡೀರಿ" ಎಂದು ಉಳಿದವರನ್ನು ಎಬ್ಬಿಸಿ ತಂದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಕೆರೆಯಿಂದ ಓಡಿಬಂದ ಹೆಂಗಸರ ಮಾತು ಕೇಳಿ ಅವ್ವನೂ ಬಂದಿದ್ದಳು. ಎಲ್ಲರೂ ಕಟ್ಟೆಯ ಮೇಲೆ, ಬೀದಿಯಲ್ಲಿ, ಜಾಗ ಸಿಕ್ಕಲ್ಲಿ ಕೂತೆವು. ಯಾರೂ ಮನೆಗೆ ಹೋಗಲಿಲ್ಲ, ಬಾಗಿಲಿಗೆ ಕಿವಿ ಕೊಡುವ ಧೈರ್ಯವನ್ನೂ ಯಾರೂ ಮಾಡಲಿಲ್ಲ. ಅಂದು ಒಳಗೆ ಅವಳು ಹೇಳಿದ್ದೇನು, ಹಿಂದೆ ಹಿರೇಕೆರೂರಿನ ಕೆರೆಯ ದಂಡೆಯಿಂದ ಯಾರ ಬಂಡಿ ಹತ್ತಿ ಹೋದಳು, ಏಕೆ ಹೋದಳು, ಇವತ್ತಿಗೂ ನಮಗೆ ಗೊತ್ತಿಲ್ಲ. ಕೇಳುವ ಮುಖ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ.

ಬಹಳ ಹೊತ್ತು ಒಳಗಿನಿಂದ ಆ ಹೆಣ್ಣು ದನಿಯೊಂದೇ ತಗ್ಗಿ ಕೇಳುತ್ತಿತ್ತು. ಅದು ನಿಂತಾಗಲೆಲ್ಲ ಮಾಸ್ತರರು, ಕಥೆ ಕೇಳುವ ಸಣ್ಣ ಮಕ್ಕಳ ಹಾಗೆ, "ಆಮ್ಯಾಲ? ಆಮ್ಯಾಲ?" ಎನ್ನುತ್ತಿದ್ದರು.